21 ಅಂಕೆಯ ಸಂಖ್ಯೆ: ಕೈಲೆಕ್ಕವೋ, ಕಂಪ್ಯೂಟರೋ?

ಕುಮಟಾದ ತಂದೆ:
ಮಗಳು ಪ್ರಥಮ ಪಿಯುಸಿ. ವಿಜ್ಞಾನ ಪ್ರದರ್ಶನಕ್ಕೆ 2ರ 67ನೇ ಘಾತದಿಂದ 1 ಕಳೆದ ಸಂಖ್ಯೆಯನ್ನು ಆರಿಸಿಕೊಂಡಿದ್ದಾಳೆ: 147573952589676412927. ಫ್ರಾನ್ಸಿನ ಗಣಿತಜ್ಞ ಮರ್ಸೆನ್ 1644ರಲ್ಲಿ ಇದನ್ನು ಅವಿಭಾಜ್ಯ ಎಂದಿದ್ದ. 1903ರಲ್ಲಿ ಅಮೆರಿಕದ ಗಣಿತಜ್ಞ ಕೋಲ್ 193707721 × 761838257287 ಎಂದು ಒಡೆದು ತೋರಿಸಿದ. ಇವಳು ಹಲಗೆಯ ಮೇಲೆ ಗುಣಿಸಬೇಕೋ, ಪ್ರೋಗ್ರಾಂ ಬರೆಯಬೇಕೋ? ಸಿಗುವುದು ಹತ್ತೇ ನಿಮಿಷ. ಮಾಡಿಸಿದವರು ಅನುಭವ ಹೇಳಿ.

ಶಿರಸಿಯ ನಿವೃತ್ತ ಮಾಸ್ತರ:
ಕೈಲೆಕ್ಕವೇ, ಅನುಮಾನವೇ ಬೇಡ. ಇದೇ ಗುಣಾಕಾರವನ್ನು ಅಡಿಕೆ ವ್ಯಾಪಾರದ ಹಳೆಯ ಖಾತೆ ಪುಸ್ತಕದಲ್ಲಿ ಮಾಡಿದವನು ನಾನು. ಚಿಕ್ಕ ಅಪವರ್ತನದಲ್ಲಿ ಒಂದು ಸೊನ್ನೆ ಇದೆ, ಆದ್ದರಿಂದ ಎಂಟು ಸಾಲು. 7 ಮೂರು ಸಲ, 1 ಎರಡು ಸಲ ಬರುವುದರಿಂದ ನಿಜವಾಗಿ ಗುಣಿಸಬೇಕಾದದ್ದು 9, 3, 7, 2ರಿಂದ ಮಾತ್ರ. ಉಳಿದದ್ದು ನಕಲು. ಒಂಬತ್ತರ ತಾಳೆ (9ರಿಂದ ಭಾಗಿಸಿ ಶೇಷ ಹೋಲಿಸುವುದು) ನೋಡಿದರೆ ಎಲ್ಲದಕ್ಕೂ ಶೇಷ 1. ಆದರೆ ಅದನ್ನೊಂದೇ ನಂಬಬಾರದು. ನನ್ನ ಸಹೋದ್ಯೋಗಿಯೊಬ್ಬರು ಉತ್ತರದಲ್ಲಿ 76ರ ಬದಲು 67 ಬರೆದರು, ಒಂಬತ್ತರ ತಾಳೆ ಸರಿಯಾಗಿಯೇ ಬಂತು. ಹನ್ನೊಂದರ ತಾಳೆ ಅಂಥದ್ದನ್ನು ಹಿಡಿಯುತ್ತದೆ: ಶೇಷ 9 ಮತ್ತು 8, ಗುಣಿಸಿದರೆ 72, ಅಂದರೆ 6. ಉತ್ತರಕ್ಕೂ 6. ಯಂತ್ರಕ್ಕೆ ಒಪ್ಪಿಸಿದರೆ ತಂಗಿಗೆ ಬರುವುದೇನು, ಮಣ್ಣು?

ಕಾರವಾರದ ಕಂಪ್ಯೂಟರ್ ರಿಪೇರಿಯವ:
ಮಾಸ್ತರರೇ, ಉತ್ತರ ಗೊತ್ತಿದ್ದೂ ಗುಣಿಸುವುದರಲ್ಲಿ ಏನು ದೊಡ್ಡಸ್ತಿಕೆ? ಹುಡುಕುವುದೇ ಕೆಲಸ. ಅಪವರ್ತನವನ್ನು 134ರಿಂದ (67ರ ಎರಡರಷ್ಟು) ಭಾಗಿಸಿದರೆ ಶೇಷ 1 ಬರಬೇಕು, 8ರಿಂದ ಭಾಗಿಸಿದರೆ 1 ಇಲ್ಲವೇ 7. ಉಳಿದವನ್ನು ಮುಟ್ಟುವುದೇ ಬೇಡ. ಲ್ಯಾಪ್‌ಟಾಪ್ ಕ್ಷಣದಲ್ಲಿ ಹೇಳುತ್ತದೆ.

ನಾನು ಕೈಹಾಕಿದ್ದು ಇನ್ನೂ ದೊಡ್ಡದಕ್ಕೆ. ಹೊಸ ಮರ್ಸೆನ್ ಅವಿಭಾಜ್ಯ (2ರ ಘಾತದಿಂದ 1 ಕಳೆದರೆ ಸಿಗುವ ಅವಿಭಾಜ್ಯ) ಹುಡುಕಲು, ಸ್ವಯಂಸೇವಕರ ಕಂಪ್ಯೂಟರುಗಳಲ್ಲಿ ನಡೆಯುವ ಗಿಂಪ್ಸ್ ಯೋಜನೆಯ ಪ್ರೈಮ್95 ತಂತ್ರಾಂಶ ಹಾಕಿ ಕಂಪ್ಯೂಟರನ್ನು ಹಗಲು ರಾತ್ರಿ ಓಡಿಸಿದೆ. ಕಡಲ ಗಾಳಿಯ ಉಪ್ಪಿಗೆ ಮದರ್‌ಬೋರ್ಡ್ ಹಸಿರುಗಟ್ಟಿತು: 7,800 ರೂಪಾಯಿ. ಸಿಡಿಲಿಗೆ ಒಳಗೆ ಕರೆಂಟ್ ಪೂರೈಸುವ ಎಸ್‌ಎಂಪಿಎಸ್ ಸುಟ್ಟಿತು: 2,350. ಯುಪಿಎಸ್ ಬ್ಯಾಟರಿ: 1,400. ಕರೆಂಟ್ ಬಿಲ್ಲಿನ ಮಾತು ಮನೆಯಲ್ಲಿ ಇವತ್ತಿಗೂ ಮುಗಿದಿಲ್ಲ. ಅಷ್ಟರಲ್ಲಿ, 2024ರ ಅಕ್ಟೋಬರ್‌ನಲ್ಲಿ, ಲ್ಯೂಕ್ ಡುರಾಂಟ್ ಎಂಬಾತ 17 ದೇಶಗಳಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಬಾಡಿಗೆಗೆ ಹಿಡಿದು 2ರ 136279841ನೇ ಘಾತದಿಂದ 1 ಕಳೆದದ್ದನ್ನು ಪತ್ತೆ ಮಾಡಿದ. 4,10,24,320 ಅಂಕೆ! ಬಾಡಿಗೆ ಎತ್ತಿನಲ್ಲಿ ಉಳುವವರ ಜೊತೆ ಎಲ್ಲಿಯ ಸ್ಪರ್ಧೆ?

ಶಿರಸಿಯ ಮಾಸ್ತರ:
ಒಟ್ಟು 11,550. ಅಷ್ಟು ಸುಟ್ಟವರು ನನಗೆ ಪಾಠ ಹೇಳುತ್ತೀರಿ! 1876ರಲ್ಲಿ ಫ್ರಾನ್ಸಿನ ಗಣಿತಜ್ಞ ಲೂಕಾಸ್ ಒಂದೂ ಅಪವರ್ತನ ಹುಡುಕದೆಯೇ ತಂಗಿ ಆರಿಸಿದ ಈ ಸಂಖ್ಯೆ ಅವಿಭಾಜ್ಯವಲ್ಲ ಎಂದು ಸಾಧಿಸಿದ್ದ. ಯುಪಿಎಸ್ ಇಲ್ಲದೆ.

ಯಲ್ಲಾಪುರದವ:
ಕರೆಂಟಿನ ಸುದ್ದಿ ಎತ್ತಬೇಡಿ. ಕೈಗಾ ಅಣುವಿದ್ಯುತ್ ಸ್ಥಾವರ ನಮ್ಮ ಜಿಲ್ಲೆಯದ್ದು, ಕದ್ರಾ, ಕೊಡಸಳ್ಳಿ ಜಲವಿದ್ಯುತ್ ಅಣೆಕಟ್ಟುಗಳೂ ನಮ್ಮವೇ. ಗಾಳಿ ಬೀಸಿದರೆ ಕತ್ತಲೆಯೂ ನಮ್ಮದೇ. ಮಗ ಇಂಥದ್ದೇ ಪ್ರೋಗ್ರಾಂ ಬರೆದಿದ್ದ. ತೀರ್ಪುಗಾರರು ಮೇಜಿನ ಹತ್ತಿರ ಬರುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಬಹುಮಾನ ಥರ್ಮೋಕೋಲ್ ಜ್ವಾಲಾಮುಖಿಗೆ ಸಿಕ್ಕಿತು.

ಕಾರವಾರದ ರಿಪೇರಿಯವ:
ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಕೊಟ್ಟು ಕಳಿಸಿದವರು ಯಾರು? ಘಟ್ಟದ ಮೇಲಿನವರು ಇನ್ವರ್ಟರ್ ಬ್ಯಾಟರಿಗೆ ಬಾವಿ ನೀರು ಹೊಯ್ಯುವವರು, ಗೊತ್ತಿದೆ.

ಕುಮಟಾದ ತಂದೆ:
ಹತ್ತು ನಿಮಿಷದಲ್ಲಿ ಎಂಟು ಸಾಲು ಮುಗಿಯುತ್ತದೆಯೇ?

ಯಲ್ಲಾಪುರದವ:
ಬಾವಿ ನೀರಲ್ಲ ಸ್ವಾಮಿ, ಡಿಸ್ಟಿಲ್ಡ್ ವಾಟರ್. ನಿಮ್ಮಂಥವರ ಅಂಗಡಿಯಲ್ಲೇ ಕೊಂಡದ್ದು. ಬ್ಯಾಟರಿ ವರ್ಷ ತುಂಬುವ ಮೊದಲೇ ಹೋಯಿತು, ಗ್ಯಾರಂಟಿ ಕಾರ್ಡಿಗೆ ಸೀಲೇ ಹಾಕಿರಲಿಲ್ಲ.