ಅಗಲದ ಟೈರು, ಅಲಾಯ್ ವೀಲು: ‘ಮನೆ ಜೀಪು’ ಗುಂಪಿನ ಜಗಳ

ಮನೆಮಂದಿ ಎಲ್ಲ ಸೇರಿ ಇಟ್ಟುಕೊಂಡಿರೋ ಜೀಪಿನ ಟೈರು ಸವೆದಿದೆ. ಹೊಸದು ಯಾವುದು ಅನ್ನೋದಕ್ಕೆ ಗುಂಪಿನಲ್ಲಿ ನಡೆದ ಮಾತುಕತೆ ಇದು. ಹೆಬ್ಬೆರಳು, ಕೈಮುಗಿದ ಚಿತ್ರ, ಗುಡ್ ಮಾರ್ನಿಂಗ್ ಎಲ್ಲ ತೆಗೆದಿದ್ದೀನಿ. ಹೆಸರಿನ ಜಾಗದಲ್ಲಿ ನನಗೆ ಅವರು ಏನಾಗಬೇಕೋ ಅದಿದೆ. ಜಗಳಕ್ಕೆ ಮಾತ್ರ ಕತ್ತರಿ ಹಾಕಿಲ್ಲ. ಹೊಸಬರಿಗೆ ಇಷ್ಟು: 265/75 ಆರ್ 16 ಅಂದ್ರೆ ಟೈರಿನ ಅಗಲ 265 ಮಿ.ಮೀ., ಗೋಡೆಯ ಎತ್ತರ ಅಗಲದ ಶೇ. 75, ರಿಮ್ಮು 16 ಇಂಚು. ಡಿಸ್ಕು, ರಿಮ್ಮು ಅನ್ನೋದು ಟೈರು ಕೂರೋ ಲೋಹದ ಚಕ್ರಕ್ಕೆ; ಅಲಾಯ್ ಅಂದ್ರೆ ಅಲ್ಯುಮಿನಿಯಂ ಮಿಶ್ರಲೋಹದ ಚಕ್ರ.

ತಮ್ಮ: (ಫೋಟೋ)

ತಮ್ಮ: ಎಲ್ರೂ ನೋಡಿ. 265/75 ಆರ್ 16 ಟೈರು, 8 ಇಂಚು ಅಗಲದ ಕಪ್ಪು ಅಲಾಯ್. ನಮ್ಮ ಜೀಪಿಗೆ ಇದೇ.

ಅಕ್ಕ: ಈ ಫೋಟೋದಲ್ಲಿರೋ ಗಾಡಿ ಮಣ್ಣು ಕಂಡಿದ್ಯೇನೋ? ಟೈರಿನ ಮೇಲಿರೋ ರಬ್ಬರ್ ಕೂದಲೇ ಇನ್ನೂ ಉದುರಿಲ್ಲ.

ಭಾವ: ನಂದು ಬೇಡ ಅಂತ. ಈಗಿರೋ ಅಳತೇಲೇ ಹೊಸದು ಹಾಕ್ಸೋಣ, 235/85 ಆರ್ 16. ಈಗಿರೋ ಕಬ್ಬಿಣದ ಡಿಸ್ಕೇ ಇರ್ಲಿ.

ತಮ್ಮ: ಯಾಕೆ ಭಾವ? ಅಗಲ ಇದ್ದಷ್ಟೂ ನೆಲಕ್ಕೆ ಜಾಸ್ತಿ ರಬ್ಬರ್ ತಾಗುತ್ತೆ. ಜಾಸ್ತಿ ರಬ್ಬರ್, ಜಾಸ್ತಿ ಹಿಡಿತ. ಇದ್ರಲ್ಲಿ ಚರ್ಚೆ ಮಾಡೋಕೆ ಏನಿದೆ?

ಭಾವ: ಚರ್ಚೆ ಇರೋದೇ ಅಲ್ಲಿ. ಗಾಡಿ ಭಾರ ಹೊರೋದು ಟೈರ್ ಒಳಗಿನ ಗಾಳಿ. ಒಂದು ಗಾಲಿ ಮೇಲೆ 500 ಕೆಜಿ, ಒಳಗೆ ಗಾಳಿ ಒತ್ತಡ 30 ಪಿಎಸ್‌ಐ ಅಂತ ಇಟ್ಕೊ. ನೆಲ ಮುಟ್ಟೋ ಜಾಗ ಸುಮಾರು 240 ಚದರ ಸೆಂ.ಮೀ. ಬರುತ್ತೆ. 235 ಹಾಕು, 265 ಹಾಕು, ಹೆಚ್ಚುಕಮ್ಮಿ ಅಷ್ಟೇ. ಟೈರ್ ಗೋಡೆ ಬಿಗಿ ಇರೋದ್ರಿಂದ ಅದೂ ಒಂಚೂರು ಹೊರುತ್ತೆ, ಲೆಕ್ಕ ಆಚೀಚೆ ಆಗುತ್ತೆ. ಆದ್ರೆ ಮುಖ್ಯವಾಗಿ ಬದಲಾಗೋದು ಅಚ್ಚಿನ, ಅಂದ್ರೆ ಆ ನೆಲ ಮುಟ್ಟೋ ಜಾಗದ ಆಕಾರ. ಅಗಲದ್ದು ಅಡ್ಡಕ್ಕೆ ಹರಡುತ್ತೆ, ಕಿರಿದಾದ್ದು ಉದ್ದಕ್ಕೆ.

ತಮ್ಮ: ಹಂಗಾದ್ರೆ ಎರಡೂ ಒಂದೇ. ನೋಡೋಕೆ ಚೆನ್ನಾಗಿರೋದು ಹಾಕ್ಸೋಣ 😎

ಭಾವ: ಮಾರಾಯ, ಆಕಾರವೇ ಕೆಲಸ ಮಾಡೋದು. ಮೆತ್ತನೆ ನೆಲದಲ್ಲಿ ಟೈರು ತನ್ನ ಮುಂದಿರೋ ಮಣ್ಣನ್ನ ತಳ್ಕೊಂಡು, ಅದುಮ್ಕೊಂಡು ಹೋಗ್ಬೇಕು. ಎಷ್ಟು ಅಗಲವೋ ಅಷ್ಟು ಮಣ್ಣು ತಳ್ಳಬೇಕು, ಅಷ್ಟೂ ಎಂಜಿನ್ ತಾಕತ್ತು ಅಲ್ಲೇ ಖರ್ಚು. ಅಚ್ಚು ಉದ್ದಕ್ಕಿದ್ರೆ ಟೈರಿನ ಮುಂದಿನ ರಬ್ಬರ್ ತುಂಡು ಅದುಮಿದ ಮಣ್ಣನ್ನೇ ಹಿಂದಿನದು ಹಿಡ್ಕೊಳ್ಳುತ್ತೆ.

ದೊಡ್ಡಪ್ಪ: ಹಾರೆ ಇಳಿಯೋ ಕಡೆ ಸಲಿಕೆ ಇಳಿಯಲ್ಲ.

ದೊಡ್ಡಪ್ಪ: ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಟೈರು 6.00-16. ಅಗಲ ಆರೇ ಇಂಚು.

ತಮ್ಮ: ದೊಡ್ಡಪ್ಪ, ಆ ಜೀಪು ಒಂದು ಟನ್ನಿಗೆ ಸ್ವಲ್ಪ ಜಾಸ್ತಿ ತೂಕ ಇತ್ತು ಅಷ್ಟೇ. ನಮ್ದು ಸಾಮಾನು ಸೇರಿ ಎರಡು ಟನ್. ಆಗ ಅವ್ರಿಗೆ ಬೇರೆ ಟೈರೂ ಸಿಗ್ತಿರ್ಲಿಲ್ಲ.

ಭಾವ: ಭಾರದ ಗಾಡಿನೇ ಬೇಕಾ? ಲ್ಯಾಂಡ್ ಕ್ರೂಸರ್ 70, ಹಳೇ ಲ್ಯಾಂಡ್ ರೋವರ್ ಡಿಫೆಂಡರ್. ಎರಡಕ್ಕೂ ಕಾರ್ಖಾನೆಯಿಂದಲೇ 7.50 ಆರ್ 16 ಟೈರು (ಅಗಲ ಏಳೂವರೆ ಇಂಚು), ಕಬ್ಬಿಣದ ಡಿಸ್ಕು ಬರ್ತಿತ್ತು. ದಾರಿ ಇಲ್ಲದ ಕಡೆ ಭಾರ ಹೊತ್ಕೊಂಡು ಓಡಾಡೋ ಗಾಡಿಗಳು ಅವು.

ತಮ್ಮ: ಹಾಗಾದ್ರೆ ಐಸ್‌ಲ್ಯಾಂಡಿನವ್ರು ದಡ್ಡರಾ? ಹಿಮನದಿ ಮೇಲೆ 38 ಇಂಚು, 44 ಇಂಚು ಎತ್ತರದ ದಪ್ಪ ಟೈರಲ್ಲಿ ಓಡಿಸ್ತಾರೆ. ಒಂದೊಂದೂ ಉರುಳೆ ಥರ ಅಗಲ.

ಭಾವ: ಅಲ್ಲಿ ಹಿಮದ ಕೆಳಗೆ ಗಟ್ಟಿ ನೆಲ ಸಿಗಲ್ಲ. ಮೂರು ನಾಲ್ಕು ಪಿಎಸ್‌ಐಗೆ ಇಳಿಸಿ ಮೇಲೇ ತೇಲ್ಕೊಂಡು ಹೋಗ್ತಾರೆ. ತಳ ಸಿಗದ ಕಡೆ ಅಗಲ ಬೇಕೇ ಬೇಕು, ನಾನು ಇಲ್ಲ ಅಂದ್ನಾ? ಅದೂ ಅಲ್ದೆ ಅವ್ರ ಟೈರು ಅಗಲದ ಜೊತೆ ಎತ್ತರಾನೂ ಜಾಸ್ತಿ ಇದೆ. ನಿನ್ನ 30 ಮಿ.ಮೀ.ಗೆ ಯಾವ ಗಾಡೀನೂ ತೇಲಲ್ಲ.

ಅಕ್ಕ: ಓಡಿಸೋಳು ನಾನು, ಕೇಳ್ರಿ ಇಬ್ರೂ. ನಮ್ಮ ಜೀಪು ಹೋಗೋದು ಕಲ್ಲು ಜಾಡಲ್ಲಿ. ಮಳೆ ಬಂದ್ರೆ ಮೇಲೆ ನಾಲ್ಕು ಬೆರಳು ಕೆಸರು, ಕೆಳಗೆ ಗಟ್ಟಿ. ಅಲ್ಲಿ ಕೆಸರನ್ನ ಸೀಳ್ಕೊಂಡು ಕೆಳಗಿನ ಗಟ್ಟಿ ಮುಟ್ಟೋ ಟೈರು ಬೇಕು, ಕೆಸರಿನ ಮೇಲೆ ಜಾರೋದಲ್ಲ. ಟಾರ್ ರಸ್ತೇಲಿ ನೀರು ನಿಂತಿದ್ರೂ ಅಗಲದ್ದೇ ಮೊದಲು ನೀರಿನ ಮೇಲೆ ಏರೋದು.

ತಮ್ಮ: ಮರಳಲ್ಲಿ?

ಭಾವ: ಮರಳಲ್ಲಿ ಗಾಳಿ ಇಳ್ಸು. 30ರಿಂದ 15ಕ್ಕೆ ಇಳಿಸಿದ್ರೆ ಲೆಕ್ಕದ ಪ್ರಕಾರ ಅಚ್ಚು ದುಪ್ಪಟ್ಟು. ಹೆಚ್ಚೋದು ಬಹುಪಾಲು ಉದ್ದಕ್ಕೆ, ಅಡ್ಡಕ್ಕೆ ಸ್ವಲ್ಪ.

ತಮ್ಮ: ಸಿಕ್ಕಿದ್ರಿ ಭಾವ 😄 ಅಗಲದ ಟೈರಿಗೆ ಭಾರ ಹೊರೋ ತಾಕತ್ತು ಜಾಸ್ತಿ. ಎಲ್.ಟಿ. (ಲೈಟ್ ಟ್ರಕ್) ಟೈರಿನ ಮೇಲೆ ಭಾರದ ಸೂಚಿ ಬರೆದಿರ್ತಾರೆ ನೋಡಿ. 235/85ಕ್ಕೆ 120, ಅಂದ್ರೆ 1400 ಕೆಜಿ. 265/75ಕ್ಕೆ 123, ಅಂದ್ರೆ 1550 ಕೆಜಿ. ಒಳಗೆ ಗಾಳಿಗೆ ಜಾಗ ಜಾಸ್ತಿ, ಅದೇ ಭಾರಕ್ಕೆ ಕಮ್ಮಿ ಒತ್ತಡ ಸಾಕು. ಅಂದ್ರೆ ನಾನು ನಿಮಗಿಂತ ಕೆಳಗೆ ಇಳಿಸಬಹುದು, ನನ್ನ ಅಚ್ಚು ನಿಮ್ಮದಕ್ಕಿಂತ ದೊಡ್ಡದು.

ಅಕ್ಕ: ರೀ, ಉತ್ತರ ಕೊಡಿ 😂

ಭಾವ: ಅದು ಸರಿಯಾದ ಮಾತು. ಒಪ್ಪಿದೆ. ಬರೀ ಮರಳಲ್ಲೇ ಓಡಿಸೋ ಗಾಡಿ ಆಗಿದ್ರೆ ನಾನೂ 265ಕ್ಕೇ ಕೈ ಎತ್ತುತಿದ್ದೆ.

(ಇಲ್ಲಿ ಚಿಕ್ಕಪ್ಪನ ಉದ್ದನೆಯ ವಾಯ್ಸ್ ಮೆಸೇಜು. ಹಿಂದೆ ಮಿಕ್ಸಿ ಸದ್ದು. ಅರ್ಥ ಆಗಿದ್ದು ಇಷ್ಟು: ಯಾವುದಾದ್ರೂ ಹಾಕಿ, ಗಾಳಿ ನೋಡ್ಕೊಳ್ಳಿ.)

ನಾನು: ಚಿಕ್ಕಪ್ಪ ಹೇಳಿದ್ದೇ ನಂಗೂ ಅನ್ಸೋದು. 30 ಮಿ.ಮೀ. ಅಗಲಕ್ಕೆ ಇಷ್ಟು ಹೊತ್ತು ಕಿತ್ತಾಡ್ತಿದ್ದೀವಿ. ಜಾಡಿಗೆ ಇಳಿಯೋ ಮುಂಚೆ ನಿಲ್ಲಿಸಿ ಗಾಳಿ ಇಳಿಸೋರು ಈ ಗುಂಪಲ್ಲಿ ಯಾರಿದ್ದೀರಿ, ಅಕ್ಕನ್ನ ಬಿಟ್ಟು? ಗೇಜು ಡ್ಯಾಶ್‌ಬೋರ್ಡಲ್ಲಿ ಪ್ಲಾಸ್ಟಿಕ್ಕೂ ಬಿಚ್ಚದೆ ಕೂತಿದೆ.

ತಮ್ಮ: ಇಳಿಸಿದ್ಮೇಲೆ ಮತ್ತೆ ತುಂಬೋದು ಯಾರು? ಕಾಲಲ್ಲಿ ಒತ್ತೋ ಪಂಪಲ್ಲಿ ನಾಲ್ಕು ಟೈರು ತುಂಬಿ ನೋಡು ಒಂದ್ಸಲ.

ನಾನು: ಅದಕ್ಕೇ ಅಲಾಯ್ ಬಿಟ್ಟು ಕಂಪ್ರೆಸರ್ ತಗೊಳ್ಳೋಣ ಅನ್ನೋದು.

ತಮ್ಮ: ಅಲಾಯ್ ವಿಷಯ ಇನ್ನೂ ಶುರುವೇ ಆಗಿಲ್ಲ, ಆಗ್ಲೇ ಬಿಟ್ಬಿಟ್ರಾ? ಮೊದಲು ಇದಕ್ಕೆ ಉತ್ತರ ಕೊಡಿ. ಓರೆ ಇಳಿಜಾರಲ್ಲಿ ಅಗಲದ ಟೈರು ನಿಲ್ಲೋ ಥರ ನಿಮ್ಮದು ನಿಲ್ಲುತ್ತಾ? ಒಣ ರಸ್ತೇಲಿ ತಿರುವು, ಬ್ರೇಕು?

ಭಾವ: ಒಣ ಟಾರಲ್ಲಿ ತಿರುವಿಗೆ ಅಗಲದ್ದು ಮೇಲು, ಅದನ್ನೂ ಒಪ್ತೀನಿ. ಆದ್ರೆ ಓರೇಲಿ ನಿಲ್ಲಿಸೋದು ಟೈರಿನ ಅಗಲಕ್ಕಿಂತ ಎಡಗಾಲಿಗೂ ಬಲಗಾಲಿಗೂ ಇರೋ ಅಂತರ. ಅದು ರಿಮ್ಮಿನ ಆಫ್‌ಸೆಟ್ಟಿಂದ ಬರುತ್ತೆ. ಆಫ್‌ಸೆಟ್ ಅಂದ್ರೆ ಡಿಸ್ಕು ಗಾಡಿಗೆ ಅಂಟೋ ಮುಖ ರಿಮ್ಮಿನ ನಡುವಿನಿಂದ ಎಷ್ಟು ಆಚೀಚೆ ಇದೆ ಅನ್ನೋದು. ಗಾಲಿನ ಆಚೆಗೆ ತಳ್ಳಿದ್ರೆ ನಿಲುವು ಬರುತ್ತೆ, ಜೊತೆಗೆ ಬೇರಿಂಗಿಗೆ ಭಾರ, ಕಲ್ಲಿಗೆ ತಾಗಿದಾಗ ಸ್ಟೇರಿಂಗ್ ಕೈ ತಿರುಚೋದು, ಬಾಗಿಲ ಮೇಲೆಲ್ಲ ಕೆಸರು. ಒಳಕ್ಕೆ ಬಿಟ್ಟರೆ ಉಜ್ಜುತ್ತೆ.

ನಾನು: ಉಜ್ಜೋದಾ? ಇದು ನೋಡಿ. (ಫೋಟೋ) ಈಗ ತಾನೆ ಸ್ಟೇರಿಂಗ್ ಪೂರ್ತಿ ತಿರುಗ್ಸಿ ಕೆಳಗೆ ಬಗ್ಗಿ ನೋಡ್ದೆ. ಟೈರಿನ ಒಳಮಗ್ಗುಲಿಗೂ ಲೀಫ್ ಸ್ಪ್ರಿಂಗಿಗೂ ಮಧ್ಯ ನನ್ನ ಒಂದು ಬೆರಳು ತೂರುತ್ತೆ, ಎರಡು ತೂರಲ್ಲ. ಸ್ಪ್ರಿಂಗಿನ ಅಂಚಲ್ಲಿ ಕೆಸರು ಉಜ್ಜಿ ಹೊಳೀತಿದೆ.

ಭಾವ: ಆಫ್‌ಸೆಟ್ ಬದಲಾಯಿಸದೆ 265 ಹಾಕಿದ್ರೆ ಒಳಕ್ಕೆ 15 ಮಿ.ಮೀ. ಬರುತ್ತೆ. ಆ ಬೆರಳೂ ಹೋಯ್ತು. ಟೈರಿಗೆ ಕಲ್ಲು, ಕೆಸರು ಅಂಟ್ಕೊಂಡಾಗ ಇನ್ನೂ ಕಷ್ಟ.

ತಮ್ಮ: ಸರಿ, ಟೈರು 235ಏ ಇರ್ಲಿ. ಅದನ್ನೇ 8 ಇಂಚಿನ ಅಲಾಯಿಗೆ ಹಾಕ್ಸೋಣ.

ಭಾವ: ಆಗಲ್ಲ. 235/85ಕ್ಕೆ ರಿಮ್ 6ರಿಂದ 7.5 ಇಂಚು. 8ಕ್ಕೆ ಹಾಕಿದ್ರೆ ಟೈರಿನ ಗೋಡೆ ಹೊರಕ್ಕೆ ಎಳ್ಕೊಂಡು ನಿಲ್ಲುತ್ತೆ, ರಿಮ್ಮಿನ ಅಂಚು ಬರಿದಾಗಿ ಕಲ್ಲಿಗೆ ಸಿಗುತ್ತೆ. ಈಗಿರೋ 6.5 ಇಂಚಿನ ರಿಮ್ಮಲ್ಲಿ ಗೋಡೆ ಸ್ವಲ್ಪ ಉಬ್ಬಿ ಅಂಚನ್ನ ಮುಚ್ಚುತ್ತೆ. ಗಾಳಿ ಇಳಿಸಿದಾಗ ಟೈರು ರಿಮ್ಮಿಂದ ಕಳಚಿಕೊಳ್ಳೋದೂ ಕಿರಿದಾದ ರಿಮ್ಮಲ್ಲಿ ಕಮ್ಮಿ.

ತಮ್ಮ: 7 ಇಂಚಿನ ಅಲಾಯೂ ಸಿಗುತ್ತೆ. ಈಗ ಹೇಳಿ, ಕಬ್ಬಿಣ ಯಾಕೆ? ಭಾರ, ತುಕ್ಕು, ಬ್ರೇಕಿನ ಬಿಸಿ ಹೊರಗೆ ಬಿಡಲ್ಲ. ಭಾರ ಜಾಸ್ತಿ ಇದ್ರೆ ಸ್ಪ್ರಿಂಗು, ಶಾಕ್ ಎರಡಕ್ಕೂ ಕೆಲಸ ಜಾಸ್ತಿ, ಗಾಡಿ ಕುಲುಕುತ್ತೆ. ಇನ್ನೊಂದು, ಕಬ್ಬಿಣ ಗಟ್ಟಿ ಅನ್ನೋದೂ ಸುಳ್ಳು. ಅಲಾಯ್ ತಡ್ಕೊಳ್ಳೋ ಪೆಟ್ಟಿಗೇ ಕಬ್ಬಿಣದ ಡಿಸ್ಕು ಬೆಂಡಾಗುತ್ತೆ.

ಭಾವ: ಬೆಂಡಾಗುತ್ತೆ ಅಂತಾನೇ ನಂಗೆ ಅದು ಬೇಕು. ಯಾವುದು ಗಟ್ಟಿ ಅನ್ನೋದಲ್ಲ ಪ್ರಶ್ನೆ, ಕೆಟ್ಟಾಗ ಹೇಗೆ ಕೆಡುತ್ತೆ ಅನ್ನೋದು. ಎರಕದ ಅಲಾಯ್ ತನ್ನ ಮಿತಿ ತನಕ ಸುಮ್ನಿರುತ್ತೆ, ದಾಟಿದ್ರೆ ಬಿರುಕು. ಬಿರುಕು ಬಿಟ್ಟ ರಿಮ್ಮಿಗೆ ಜಾಡಲ್ಲಿ ಮಾಡೋಕೆ ಏನೂ ಇಲ್ಲ. ಫೋರ್ಜ್ ಮಾಡಿದ್ದು (ಒತ್ತಿ ರೂಪ ಕೊಟ್ಟಿದ್ದು) ಬೇರೆ ಮಾತು, ಆದ್ರೆ ನಿನ್ನ ಫೋಟೋದಲ್ಲಿರೋದು ಎರಕದ್ದು.

ಅಕ್ಕ: ನಮ್ಮ ಸ್ಟೆಪ್ನಿ ಡಿಸ್ಕು ನೆನಪಿದ್ಯಾ ಎಲ್ರಿಗೂ? ಕಲ್ಲಿಗೆ ಬಡಿದು ಅಂಚು ಹೆಬ್ಬೆರಳಷ್ಟು ಅಗಲ ಒಳಕ್ಕೆ ಮಡಚ್ಕೊಂಡಿತ್ತು. ಸೋಪು ನೀರು ಹಾಕಿದ್ರೆ ಅಲ್ಲೇ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಏಳ್ತಿತ್ತು. ಒಂದು ಮರದ ತುಂಡು ಅಡ್ಡ ಇಟ್ಟು ಸುತ್ತಿಗೇಲಿ ಮೆಲ್ಲಗೆ ಹೊರಕ್ಕೆ ತಟ್ಟಿದ್ವಿ, ಗುಳ್ಳೆ ನಿಂತೋಯ್ತು, ಗಾಳಿ ಹೊಡ್ಕೊಂಡು ಬಂದ್ವಿ.

ತಮ್ಮ: ಬರೋವಾಗ ಸ್ಟೇರಿಂಗ್ ಹೆಂಗೆ ನಡುಗ್ತಿತ್ತು ಅದನ್ನೂ ಹೇಳು ಅಕ್ಕ.

ಅಕ್ಕ: ನಡುಗ್ತು. ಬಂತು ತಾನೆ?

ದೊಡ್ಡಪ್ಪ: ತಟ್ಟಿದ ಡಿಸ್ಕು ಮುಂದಿನ ಗಾಲಿಗೆ ಬೇಡ. ಪದೇ ಪದೇ ಅದೇ ಜಾಗ ತಟ್ಟಿದ್ರೆ ಕಬ್ಬಿಣವೂ ಬಿರಿಯುತ್ತೆ.

ಚಿಕ್ಕಮ್ಮ: ಕೊಳ್ಳೋದು ನಾಲ್ಕಾ ಐದಾ? ಅದು ಹೇಳಿ, ಲೆಕ್ಕ ನಾನು ಇಡಬೇಕು.

ತಮ್ಮ: ನಾಲ್ಕು ಸಾಕು ಚಿಕ್ಕಮ್ಮ. ಸ್ಟೆಪ್ನಿಗೆ ಹಳೇ ಕಬ್ಬಿಣದ್ದೇ ಇರ್ಲಿ.

ಭಾವ: ಅಲ್ಲಿ ಎರಡು ತೊಂದ್ರೆ. ಅಲಾಯಿಗೂ ಕಬ್ಬಿಣಕ್ಕೂ ಎಷ್ಟೋ ಗಾಡಿಗಳಲ್ಲಿ ನಟ್ಟೇ ಬೇರೆ. ಕಬ್ಬಿಣದ ಡಿಸ್ಕಿಗೆ ಮೂತಿ ಚೂಪಾದ ನಟ್ಟು, ಕೆಲವು ಅಲಾಯಿಗೆ ವಾಷರ್ ಇರೋ ಚಪ್ಪಟೆ ನಟ್ಟು. ಕತ್ತಲೇಲಿ ಸ್ಟೆಪ್ನಿ ಹಾಕೋವಾಗ ಸರಿಯಾದ ನಟ್ಟು ಟೂಲ್ ಬಾಕ್ಸಲ್ಲಿ ಇರಲ್ಲ, ತಪ್ಪು ನಟ್ಟು ಕೂತಂಗೆ ಕಾಣುತ್ತೆ, ಕೂತಿರಲ್ಲ.

ತಮ್ಮ: ಎರಡನೇದು?

ಭಾವ: ಹೊಸ ಟೈರಿಗೂ ಸವೆದ ಟೈರಿಗೂ ಎತ್ತರದ ವ್ಯತ್ಯಾಸ. 235/85ರ ಎತ್ತರ 806 ಮಿ.ಮೀ., 265/75ರದ್ದು 804. ಕಾಗದದ ಮೇಲೆ ಎರಡು ಮಿ.ಮೀ. ಏನೂ ಅಲ್ಲ. ಆದ್ರೆ ಮೇಲಿನ ರಬ್ಬರ್ 8 ಮಿ.ಮೀ. ಸವೆದ್ರೆ ಎತ್ತರದಲ್ಲಿ 16 ಮಿ.ಮೀ. ಹೋಯ್ತು. ನಮ್ಮದರಂಥ ಗಾಡೀಲಿ ಫೋರ್ ವೀಲ್ ಹಾಕಿದಾಗ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಗೇರ್‌ಬಾಕ್ಸಲ್ಲಿ ಲಾಕ್ ಆಗಿರುತ್ತೆ. ಒಂದು ಗಾಲಿ ಚಿಕ್ಕದಿದ್ರೆ ಗಟ್ಟಿ ನೆಲದಲ್ಲಿ ಒಂದಕ್ಕೊಂದು ಎಳೆದಾಡಿ ಬಿಗಿಯುತ್ತೆ. ಐದೂ ಒಂದೇ ಥರ ಇರ್ಲಿ ಚಿಕ್ಕಮ್ಮ, ಐದನ್ನೂ ಸರದಿ ಮೇಲೆ ಓಡಿಸೋಣ.

ಚಿಕ್ಕಮ್ಮ: ಐದು. ಬರ್ಕೊಂಡೆ. ಐದು ಟೈರಾ, ಐದು ಡಿಸ್ಕೂ ಸೇರಿ?

ನಾನು: ಟೈರು ಐದು. ಡಿಸ್ಕು ಒಂದೇ, ಆ ತಟ್ಟಿದ್ದರ ಬದಲಿಗೆ. ವೋಟ್ ಹಾಕಿದ್ದೀನಿ, ಒತ್ತಿ ಎಲ್ರೂ.

(235 ಮತ್ತು ಕಬ್ಬಿಣಕ್ಕೆ ಬಹುಮತ. ಅಲಾಯಿಗೆ ತಮ್ಮನ ಜೊತೆ ದೊಡ್ಡಪ್ಪಂದೂ ಒಂದು ವೋಟು. ಕೇಳಿದ್ರೆ ‘ಎರಡೂ ಒತ್ತಿದೆ, ಹುಡುಗ ಒಬ್ಬನೇ ಆಗ್ತಾನೆ’ ಅಂದ್ರು.)

ತಮ್ಮ: ಸೋತೆ. ಕಂಪ್ರೆಸರ್ ಬರಲೇಬೇಕು ಮತ್ತೆ. ಐದು ಡಿಸ್ಕಿಗೂ ಕಪ್ಪು ಬಣ್ಣ ನಾನೇ ಹೊಡೀತೀನಿ, ಅದಕ್ಕೆ ಯಾರೂ ಬಾಯಿ ಹಾಕ್ಬೇಡಿ.

ಅಕ್ಕ: ಹೊಡಿ. ತುಕ್ಕು ಪೂರ್ತಿ ಉಜ್ಜಿ ಹೊಡಿ. ಟೈರ್ ಕೂರೋ ಅಂಚಲ್ಲಿ ತುಕ್ಕಿನ ಪೊರೆ ಉಳಿದ್ರೆ ಟ್ಯೂಬ್‌ಲೆಸ್ಸಲ್ಲಿ ಗಾಳಿ ನಿಧಾನಕ್ಕೆ ಹೋಗ್ತಾ ಇರುತ್ತೆ, ಪಂಕ್ಚರ್ ಹುಡುಕ್ತಾ ಕೂರ್ಬೇಕು.

ಭಾವ: ಡಿಸ್ಕು ಹಬ್ಬಿಗೆ (ಗಾಡೀಲಿ ಗಾಲಿ ಕೂರೋ ನಡುಭಾಗಕ್ಕೆ) ಅಂಟೋ ಮುಖಕ್ಕೆ, ನಟ್ ಕೂರೋ ತೂತುಗಳಿಗೆ ಬಣ್ಣ ತಾಗಬಾರದು. ಟೇಪು ಅಂಟಿಸ್ಕೊ. ಅಲ್ಲಿ ಬಣ್ಣದ ಪದರ ಇದ್ರೆ ಓಡ್ತಾ ಓಡ್ತಾ ಪುಡಿಯಾಗಿ ನಟ್ ಸಡಿಲ ಆಗುತ್ತೆ. ಹಾಕಿ 50–100 ಕಿ.ಮೀ. ಓಡಿಸಿದ್ಮೇಲೆ ಇನ್ನೊಮ್ಮೆ ಸ್ಪ್ಯಾನರ್ ಹಿಡಿದು ಬಿಗಿ ನೋಡು.

ತಮ್ಮ: ಆಯ್ತು ಭಾವ. ಹೊಳೆಯೋ ಕಪ್ಪಾ, ಮಂಕು ಕಪ್ಪಾ?