ಅಪ್‌ಡೇಟ್: ಏಂಜೆಲ್ ಮೀನಿನ ರೆಕ್ಕೆ ಹರೀತಿದ್ದಿದ್ದು ರೋಗದಿಂದ ಅಲ್ಲ

ಹದಿನೈದು ದಿನದ ಹಿಂದೆ ಕೇಳಿದ್ನಲ್ಲ, ನಮ್ಮ ಎರಡು ಏಂಜೆಲ್ ಮೀನಿನ ರೆಕ್ಕೆ ದಿನಾ ಸ್ವಲ್ಪ ಸ್ವಲ್ಪ ಹರೀತಿದೆ ಏನ್ ಮಾಡ್ಲಿ ಅಂತ. ಫಿನ್ ರಾಟ್ (ರೆಕ್ಕೆ ಕೊಳೆಯೋ ರೋಗ) ಅಲ್ವೇ ಅಲ್ಲ! ಕಲ್ಲುಪ್ಪು ಹಾಕಿ ಅಂದ್ರು, ಹಾಕ್ದೆ, ಏನೂ ಆಗ್ಲಿಲ್ಲ. ಮಿಥಿಲೀನ್ ಬ್ಲೂ ಅನ್ನೋ ನೀಲಿ ಔಷಧಿ ಹಾಕಿ ಟ್ಯಾಂಕಿನ ಸಿಲಿಕಾನ್ ಅಂಚೆಲ್ಲಾ ನೀಲಿ ಆಗಿದ್ದಷ್ಟೇ ಲಾಭ, ಇನ್ನೂ ಹೋಗಿಲ್ಲ.

ಕೆಲಸಕ್ಕೆ ಬಂದಿದ್ದು "ದೂರ ಕೂತು ಅರ್ಧ ಗಂಟೆ ಸುಮ್ನೆ ನೋಡಿ" ಅಂದವ್ರ ಮಾತು. ನಾವು ಹತ್ರ ಹೋದ್ರೆ ಊಟ ಬಂತು ಅಂತ ಎಲ್ಲಾ ಗಾಜಿಗೆ ಬಂದು ಅಂಟ್ಕೊಳ್ತಾವೆ, ಪಾಪದವು ಥರ. ಸೋಫಾದಿಂದ ನೋಡಿದ್ರೆ ಅದೇ ಟ್ಯಾಂಕಲ್ಲಿದ್ದ ಮೂರೂ ಟೈಗರ್ ಬಾರ್ಬ್ ಮೀನು ಹಿಂದಿನಿಂದ ಬಂದು ಏಂಜೆಲ್‌ನ ರೆಕ್ಕೆಯ ಉದ್ದ ಎಳೆ ಚಿವುಟಿ ಓಡ್ತಾ ಇದ್ವು, ಕಳ್ಳ ನನ್ ಮಕ್ಳು.

ಬಾರ್ಬ್‌ಗಳನ್ನ ಬೇರೆ ಟ್ಯಾಂಕಿಗೆ ಹಾಕಿ ಇವತ್ತಿಗೆ 9 ದಿನ, ಹರಿದ ಕಡೆ ಗಾಜಿನ ಥರ ಬಣ್ಣ ಇಲ್ದೆ ಹೊಸ ರೆಕ್ಕೆ ಬರ್ತಿದೆ, ನೀರು ಕ್ಲೀನ್ ಇಟ್ಟಿದ್ದು ಬಿಟ್ರೆ ಬೇರೆ ಏನೂ ಮಾಡ್ಲಿಲ್ಲ.

ಗೊತ್ತಿಲ್ದೇ ಇದ್ದಿದ್ದು ಏನಪ್ಪಾ ಅಂದ್ರೆ ಬಾರ್ಬ್ ಗುಂಪಿನ ಮೀನಂತೆ, ಎರಡು ಮೂರು ಇದ್ರೆ ಬೇರೆಯವ್ರ ಮೇಲೆ ಬೀಳೋದು ಜಾಸ್ತಿ. ಆ ಬೇರೆ ಟ್ಯಾಂಕಲ್ಲಿ ಬಾರ್ಬ್ ಈಗ 8 ಮಾಡಿದೀನಿ, ತಮ್ಮತಮ್ಮಲ್ಲೇ ಕಿತ್ತಾಡ್ಕೊಂಡಿವೆ. ಏಂಜೆಲ್ ಟ್ಯಾಂಕಿನ ಖಾಲಿ ಜಾಗಕ್ಕೆ ನಿಯಾನ್ ಟೆಟ್ರಾ ಅನ್ನೋ ಪುಟ್ಟ ಮೀನು ತರೋಣ ಅನ್ಕೊಂಡೆ, ದೊಡ್ಡ ಏಂಜೆಲ್ ಅದನ್ನ ನುಂಗಿಬಿಡುತ್ತೆ ಅಂದ್ರು, ಸೋ ತಳದಲ್ಲಿರೋ ಕೋರಿಡೋರಾಸ್ ಮೀನು 6 ತಂದೆ.