ಬಣ್ಣ ಹೊಡೆಸಿದ ಗೇಟಿನ ಕೆಳಪೈಪಿಗೆ ಒಂದೇ ಮಳೆಗಾಲದಲ್ಲಿ ತುಕ್ಕು

ಪ್ರಶ್ನೆ: ಮಲ್ಪೆಯಲ್ಲಿ ಕಡಲಿಗೆ ಹತ್ತಿರವಿರುವ ನಮ್ಮ ಮನೆಯ ಕಬ್ಬಿಣದ ಗೇಟಿಗೆ ಏಪ್ರಿಲ್‌ನಲ್ಲಿ ರೆಡ್ ಆಕ್ಸೈಡ್ ಹಚ್ಚಿಸಿ, ಮೇಲೆ ಎನಾಮೆಲ್ ಬಣ್ಣ ಹೊಡೆಸಿದ್ದೆವು. ಈಗ ಕೆಳಗಿನ ಅಡ್ಡಪೈಪಿನ ವೆಲ್ಡಿಂಗ್ ಬಳಿ ಬಣ್ಣ ಗುಳ್ಳೆಯೆದ್ದಿದೆ. ಉಗುರಿನಿಂದ ಕೆರೆದರೆ ಕಂದು ಹಕ್ಕಳೆ ಉದುರುತ್ತದೆ, ಅದರಡಿಯಲ್ಲಿ ಕಪ್ಪಗೆ ಒದ್ದೆಯಾಗಿದೆ. ಮೇಲಿನ ಸರಳುಗಳಿಗೆ ಏನೂ ಆಗಿಲ್ಲ. ಇನ್ನೊಂದು ಸಲ ಬಣ್ಣ ಹೊಡೆಸಿದರೆ ಸಾಕೇ?

ಉತ್ತರ: ಸಾಲದು. ತುಕ್ಕು ಹಿಡಿಯುವಾಗ ಕಬ್ಬಿಣವು ಒಂದೆಡೆ ಇಲೆಕ್ಟ್ರಾನ್‌ಗಳನ್ನು ಬಿಟ್ಟುಕೊಟ್ಟು ಅಯಾನಾಗಿ ನೀರಿಗಿಳಿಯುತ್ತದೆ. ಆ ಇಲೆಕ್ಟ್ರಾನ್‌ಗಳು ಲೋಹದೊಳಗೇ ಹರಿದು ಗಾಳಿ ಚೆನ್ನಾಗಿ ಸಿಗುವ ಇನ್ನೊಂದೆಡೆಗೆ ಹೋಗಿ, ಅಲ್ಲಿನ ಆಮ್ಲಜನಕ ಮತ್ತು ನೀರಿನೊಡನೆ ಸೇರಿ ಹೈಡ್ರಾಕ್ಸೈಡ್ ಅಯಾನುಗಳನ್ನು ಉಂಟುಮಾಡುತ್ತವೆ. ಕಬ್ಬಿಣದ ಅಯಾನುಗಳೂ ಈ ಹೈಡ್ರಾಕ್ಸೈಡ್ ಅಯಾನುಗಳೂ ಕೂಡಿ, ಮತ್ತಷ್ಟು ಆಮ್ಲಜನಕ ಹೀರಿಕೊಂಡಾಗ ಜಲಯುಕ್ತ ಫೆರಿಕ್ ಆಕ್ಸೈಡ್, ಅಂದರೆ ನಾವು ಕಾಣುವ ಕಂದು ತುಕ್ಕು, ಆಗುತ್ತದೆ. ಹೀಗಾಗಿ ತುಕ್ಕು ಕಾಣಿಸುವ ಜಾಗವೂ ಲೋಹ ಸವೆಯುವ ಜಾಗವೂ ಒಂದೇ ಆಗಿರಬೇಕೆಂದಿಲ್ಲ. ಗಾಳಿಯಾಡದ ಸಂದಿಯೇ ಹೆಚ್ಚು ಸವೆಯುತ್ತದೆ. ನಿಮ್ಮ ವೆಲ್ಡಿಂಗ್ ಸಂದಿಯಲ್ಲಿ ಕಪ್ಪಗೆ ಕಾಣುವುದು ಆಮ್ಲಜನಕ ಸಾಲದೆ ಅರ್ಧಕ್ಕೆ ನಿಂತ ತುಕ್ಕು.

ಇದರ ಮೇಲೆ ಕಡಲಿನ ಉಪ್ಪು. ಗಾಳಿಯ ತೇವಾಂಶ ಶೇ. 75ರ ಆಸುಪಾಸಿಗೆ ಬಂದರೆ ಉಪ್ಪು ತಾನೇ ನೀರು ಎಳೆದುಕೊಂಡು ಕರಗುತ್ತದೆ. ಕರಗಿದ ಉಪ್ಪು ಈ ವಿದ್ಯುತ್ ಹರಿವನ್ನು ಸುಲಭಗೊಳಿಸುತ್ತದೆ. ಬಣ್ಣದಡಿಯಲ್ಲಿ ಉಪ್ಪು ಉಳಿದಿದ್ದರೆ ಎಷ್ಟು ದುಬಾರಿ ಎನಾಮೆಲ್ ಆದರೂ ನಿಲ್ಲದು. ಆದ್ದರಿಂದ ಉಜ್ಜುವ ಮೊದಲೇ ಸಿಹಿನೀರಿನಲ್ಲಿ ತೊಳೆಯಿರಿ. ಒಣಗಿದ ಮೇಲೆ ತಂತಿ ಬ್ರಷ್ ಮತ್ತು ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಕೆರೆದು, ಥಿನ್ನರ್ ಬಟ್ಟೆಯಿಂದ ಒರೆಸಿ, ಅದೇ ದಿನ ಜಿಂಕ್ ರಿಚ್ ಪ್ರೈಮರ್ (ಸತುವಿನ ಪುಡಿ ಹೆಚ್ಚಾಗಿರುವ ಅಡಿಬಣ್ಣ) ಹಚ್ಚಿರಿ. ರೆಡ್ ಆಕ್ಸೈಡ್ ಮುಖ್ಯವಾಗಿ ನೀರನ್ನು ತಡೆಯುತ್ತದೆ. ಸತುವಾದರೋ ಕಬ್ಬಿಣಕ್ಕಿಂತ ಮೊದಲು ತಾನು ಸವೆದು ಅದನ್ನು ಕಾಯುತ್ತದೆ, ಆದರೆ ಅದಕ್ಕೆ ಬರಿಯ ಲೋಹ ತಾಗಬೇಕು, ತುಕ್ಕಿನ ಮೇಲೆ ಹಚ್ಚಿದರೆ ಉಪಯೋಗವಿಲ್ಲ.

ಪ್ರಶ್ನೆ: ವಿವರಕ್ಕೆ ಧನ್ಯವಾದಗಳು ಸರ್. ಕೆರೆಯುವ ಬದಲು ರಸ್ಟ್ ಕನ್ವರ್ಟರ್ ಹಚ್ಚಬಹುದೇ?

ಉತ್ತರ: ಬ್ರಷ್ ತಲುಪದ ಗುಂಡಿಗಳಲ್ಲಿ ಉಳಿದ ತೆಳು ತುಕ್ಕಿಗೆ ಮಾತ್ರ. ಅದರಲ್ಲಿನ ಟ್ಯಾನಿಕ್ ಆಮ್ಲ ತುಕ್ಕನ್ನು ನೀಲಿಗಪ್ಪು ಫೆರಿಕ್ ಟ್ಯಾನೇಟ್ ಆಗಿ ಮಾರ್ಪಡಿಸುತ್ತದೆ. ಹಕ್ಕಳೆಯ ಅಡಿಗೆ ಅದು ಇಳಿಯುವುದಿಲ್ಲ, ಉಪ್ಪನ್ನೂ ತೆಗೆಯುವುದಿಲ್ಲ. ಕನ್ವರ್ಟರ್ ಹಚ್ಚಿದಲ್ಲಿ ಸತುವಿನ ಪ್ರೈಮರ್ ಬೇಡ, ಎಪಾಕ್ಸಿ ಪ್ರೈಮರ್ ಸಾಕು.

ಇದಕ್ಕೂ ಮೊದಲು ಪೈಪಿನ ಕೆಳಬದಿಯನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಒಳಗೆ ನೀರು ನಿಂತಿದ್ದರೆ ಸವೆತ ಒಳಗಿನಿಂದಲೇ ಶುರುವಾಗಿರುತ್ತದೆ. ಲೋಹ ಗಟ್ಟಿಯಿದ್ದರೆ ಅಡಿಗೆ ಸಣ್ಣ ತೂತು ಕೊರೆದು ನೀರು ಬಸಿಯಲು ಬಿಡಿ; ತುದಿ ಒಳಹೊಕ್ಕರೆ ಆ ಭಾಗವನ್ನು ಕತ್ತರಿಸಿ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪು ಹಾಕಿಸಿ. ವೆಲ್ಡಿಂಗ್‌ಗೆ ಮೊದಲು ಅಂಚಿನ ಸತುವನ್ನು ಉಜ್ಜಿ ತೆಗೆಯುವಂತೆ ಹೇಳಿ, ಏಕೆಂದರೆ ಅದರ ಹೊಗೆ ಉಸಿರಾಡಿದರೆ ಜ್ವರ ಬರುತ್ತದೆ.